ಇಡು

ವಾಸ್ಕೋದ ಬೈನಾದಲ್ಲಿ, ಸೋಡಾ ಅಂಗಡಿಯ ಮೇಲಿನ ಕೋಣೆ.
ಕಿಟಕಿ ತೆರೆದರೆ ಬಂದರಿನ ಕಲ್ಲಿದ್ದಲ ಧೂಳು,
ಮುಚ್ಚಿದರೆ ಹದಿನಾಲ್ಕು ಜನರ ಬೆವರು.
ಅರ್ಧ ತೆರೆದಿಟ್ಟು ಇಂಗ್ಲಿಷ್ ಕಲಿಸುತ್ತೇನೆ,
ಮಂಗಳವಾರ, ಶುಕ್ರವಾರ, ರಾತ್ರಿ ಎಂಟರಿಂದ.

ಹಗಲು ನಾನು ಕ್ಲಿಯರಿಂಗ್ ಏಜೆಂಟರ ಗುಮಾಸ್ತ.
ಹಡಗಿನ ಕಾಗದಗಳಲ್ಲಿ ಕ್ರಿಯಾಪದ ಕಡಿಮೆ:
ಇಷ್ಟು ಟನ್ನು, ಇಂಥ ಬಂದರು, ಸಹಿ.
ಆ ಧೈರ್ಯದ ಮೇಲೆಯೇ ಮೇಷ್ಟ್ರಾದೆ.

ಮೊದಲ ವಾರ ಹಲಗೆಯ ಮೇಲೆ ಬರೆದೆ:
ನೋಡು ಅಂದರೆ ಸೀ, ನೋಡು ಅಂದರೆ ಲುಕ್,
ನೋಡು ಅಂದರೆ ವಾಚ್ ಕೂಡ.
"ಮೂರ್ಯಾಕ್ರೀ?" ಅಂದ ಸೆಂಟ್ರಿಂಗ್ ಕೆಲಸದ ಯಮನೂರಪ್ಪ,
"ಕಣ್ಣು ಎರಡ ಅದಾವಲ್ರಿ."
ತಾನಾಗಿ ಕಣ್ಣಿಗೆ ಬಿದ್ದರೆ ಸೀ,
ಕಣ್ಣನ್ನು ನೀನು ತಿರುಗಿಸಿದರೆ ಲುಕ್,
ತಿರುಗಿಸಿ ಅಲ್ಲೇ ನಿಲ್ಲಿಸಿದರೆ ವಾಚ್, ಅಂದೆ.
"ಹಂಗಾರ ಮೇಸ್ತ್ರಿ ದಿನಾ ನಮ್ಮನ್ನ ವಾಚ್ ಮಾಡ್ತಾನ,
ಪಗಾರದ ದಿನ ಸೀ ಸೈತ ಮಾಡಂಗಿಲ್ಲ."

ಕಡ ಕೊಟ್ಟರೆ ಲೆಂಡ್, ಕಡ ತಂದರೆ ಬಾರೋ.
ಮೀನಿನ ಜೆಟ್ಟಿಯಲ್ಲಿ ಐಸು ಹೊರುವ ಮಾಬೂಸಾಬ
ಮೊದಲನೆಯದನ್ನು ಬರೆದುಕೊಳ್ಳಲೇ ಇಲ್ಲ.
"ಅದು ನಮಗ ಉಪಯೋಗ ಬೀಳಂಗಿಲ್ರಿ."

ಫಕೀರವ್ವ ಯಾವುದಕ್ಕೂ ನಗಲಿಲ್ಲ, ಎಲ್ಲವನ್ನೂ ಬರೆದುಕೊಂಡಳು.
ರೋಣದ ಕಡೆಯವಳು; ಬೋಗ್ಮಾಲೊದ ಹೋಟೆಲೊಂದರಲ್ಲಿ
ದಿನಕ್ಕೆ ಹನ್ನೊಂದು ಹಾಸಿಗೆ ಬಿಚ್ಚಿ ಹಾಸುವವಳು.
ಅವಳ ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಗೆರೆ,
ಎಡಕ್ಕೆ ನಮ್ಮದು, ಬಲಕ್ಕೆ ಅವರದು.
ಹೋಗು, ಗೋ. ತಾ, ಬ್ರಿಂಗ್. ಒಯ್ಯಿ, ಟೇಕ್.
ಇಡು, ಕೀಪ್.
ಆ ಕೊನೆಯದು ಹಲಗೆಯ ಮೇಲಿನ ನನ್ನ ಅಕ್ಷರ ನೋಡಿ ಬರೆದದ್ದು.

ಹೋದ ಶನಿವಾರ, ಇನ್ನೂರ ಆರನೇ ಕೋಣೆ.
ಬಚ್ಚಲ ಕಟ್ಟೆಯ ಮೇಲೆ, ಸೋಪಿನ ನೊರೆಯಲ್ಲಿ, ಒಂದು ಉಂಗುರ.
ನೀರಿಗೆ ಹೋದೀತೆಂದು ತೊಳೆದು, ಒರೆಸಿ,
ಮೇಜಿನ ಡ್ರಾದಲ್ಲಿ, ಬೈಬಲ್ಲಿನ ಪಕ್ಕ ಇಟ್ಟಳು.
ಸಂಜೆ ಮೇಡಮ್ಮು ಹುಡುಕುತ್ತ ಬಂದಾಗ
ಆರು ತಿಂಗಳ ಪಾಠವನ್ನೆಲ್ಲ ಒಟ್ಟುಮಾಡಿ,
ಇಡೀ ವಾಕ್ಯ, ತಪ್ಪಿಲ್ಲದ ಭೂತಕಾಲ:
"ಐ ಕೆಪ್ಟ್ ಯುವರ್ ರಿಂಗ್, ಮೇಡಂ."

ಮೇಡಮ್ಮಿನ ಕಿವಿಗೆ ಬಿದ್ದದ್ದು:
ನಿನ್ನ ಉಂಗುರ ಇನ್ನು ನನ್ನದು.

ಮ್ಯಾನೇಜರು, ಸೆಕ್ಯೂರಿಟಿ, ಚೀಲ ಬೋರಲು:
ಎಲೆಅಡಿಕೆ ಸಂಚಿ, ಬಾಚಣಿಗೆ, ಈ ನೋಟ್‌ಬುಕ್ಕು.
ಡ್ರಾ ತೆಗೆದು ನೋಡಬೇಕೆಂದು
ಯಾರಿಗೋ ಹೊಳೆದದ್ದು ಒಂದು ತಾಸಿನ ಮೇಲೆ.
ಸಾರಿ ಅಂದರಂತೆ. ಅಂದು, ಅವಳನ್ನು ಲಾಂಡ್ರಿಗೆ ಹಾಕಿದರು.
"ಲಾಂಡ್ರಿಯಾಗ ಮಾತು ಬೇಕಾಗಂಗಿಲ್ಲ ಸರ."

"ನೀನು ಬಿಡಿಸಿ ಹೇಳಬೇಕಿತ್ತು," ಅಂದೆ ನಾನು, ತಿಳಿಗೇಡಿ.
"ಯಾರೂ ಕೇಳ್ಲಿಲ್ರಿ."

ಹಲಗೆಗೆ ತಿರುಗಿದೆ. ಕೇಳು. ಇದಕ್ಕೂ ಮೂರು:
ಆಸ್ಕ್, ಹಿಯರ್, ಲಿಸನ್. ಯಾವುದನ್ನು ಬರೆಯಲಿ?
ಏನಾಯಿತೆಂದು ವಿಚಾರಿಸಲಿಲ್ಲವೋ,
ದನಿ ಅವರವರೆಗೆ ಮುಟ್ಟಲಿಲ್ಲವೋ,
ಮುಟ್ಟಿದರೂ ಕಿವಿಗೊಡಲಿಲ್ಲವೋ.
ಇಂಗ್ಲಿಷಿನವರು ಮೂರು ಸಲ ಹೇಳಬೇಕಾದ್ದನ್ನು
ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.
ಚಾಕ್ ಹಿಡಿದು ಹಾಗೇ ನಿಂತೆ.

ಆಮೇಲೆ ಇಡು ಎಂದು ಬರೆದು ಎದುರಿಗೆ ಪುಟ್ ಬರೆದೆ.
ಪುಟ್ ಅಂದರೆ ಇಟ್ಟ ಮೇಲೆ ಕೈ ಬರಿದು.
ಕೀಪ್ ಅಂದರೆ ಇಟ್ಟ ಮೇಲೂ ಕೈ ಬಿಡದು.
ತಪ್ಪು ನನ್ನದು, ಅಂದೆ. ಯಮನೂರಪ್ಪ ಕೆಮ್ಮಿದ.
ಫಕೀರವ್ವ ರಬ್ಬರು ಇಸಿದುಕೊಂಡು ಉಜ್ಜಿದಳು.
ಪೆನ್ನಿನ ಅಕ್ಷರ, ಹೋಗಲಿಲ್ಲ. ಹಾಳೆ ತೂತಾಯಿತು.

ಒಂಬತ್ತೂವರೆಗೆ ಎಲ್ಲರೂ ಮೆಟ್ಟಿಲಿಳಿದರು.
ಬೀಗ ಹಾಕುವುದು ಎಂದಿನಂತೆ ಅವಳೇ.
ಕತ್ತಲಲ್ಲಿ ಕೀಲಿ ಕುಲುಕಿ ಅಂದಳು:
"ಸರ, ಇದನ್ನ ಮೀಟರ್ ಡಬ್ಬಿ ಮ್ಯಾಲೆ ಇಡ್ಲೋ,
ನನ್ನ ಕಡೆನ ಇಟ್ಕೊಳ್ಲೋ?"

ಇಡಲೋ. ಇಟ್ಟುಕೊಳ್ಳಲೋ.
ನಾನು ಹಲಗೆಯ ಮೇಲೆ ತಡಕಾಡಿದ ಗೆರೆ
ಅವಳ ಬಾಯಲ್ಲಿ ಹುಟ್ಟಿನಿಂದ ಇತ್ತು.
ಕೇಳಿರಲಿಲ್ಲ ನಾನು,
ಮೂರರಲ್ಲಿ ಯಾವ ಅರ್ಥದಲ್ಲೂ.

ಕೆಳಗೆ ಸೋಡಾದವನು ಶಟರ್ ಎಳೆಯುತ್ತಿದ್ದ.
"ಇಟ್ಕೋ," ಅಂದೆ.